ಚಂದ್ರನಲ್ಲಿ ಒದ್ದ ಚೆಂಡು

ಬೊಂಬೆಯನ್ನು ಸ್ವಲ್ಪ ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ. ಹೀಗೆ ತೆಗೆದ ಸ್ಥಿರಚಿತ್ರಗಳನ್ನು ಒಂದರ ಹಿಂದೊಂದು ವೇಗವಾಗಿ ತೋರಿಸಿದರೆ ಬೊಂಬೆ ನಡೆದಂತೆ ಕಾಣುತ್ತದೆ. ಇದೇ ‘ಸ್ಟಾಪ್ ಮೋಷನ್’ ಅನಿಮೇಷನ್. ಇಂಗ್ಲೆಂಡಿನ ರಾಷ್ಟ್ರೀಯ ಚಲನಚಿತ್ರ ಮತ್ತು ಟೆಲಿವಿಷನ್ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದ ನಿಕ್ ಪಾರ್ಕ್ 1982ರಲ್ಲಿ ಈ ವಿಧಾನದಿಂದ ‘ಎ ಗ್ರಾಂಡ್ ಡೇ ಔಟ್’ ಎಂಬ ಕಿರುಚಿತ್ರವನ್ನು ಆರಂಭಿಸಿದರು. ಆರ್ಡ್‌ಮನ್ ಸ್ಟುಡಿಯೊದ ನೆರವಿನಿಂದ ಅದು ಪೂರ್ಣಗೊಂಡದ್ದು 1989ರಲ್ಲಿ. ಅವಧಿ ಸುಮಾರು 23 ನಿಮಿಷ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಲೆಕ್ಕ ಹಾಕಿ: 33,000ಕ್ಕೂ ಹೆಚ್ಚು!

ಕತೆ ಸರಳ. ಮನೆಯಲ್ಲಿ ಚೀಸ್ ಮುಗಿದಿದೆ. ಚಂದ್ರ ಚೀಸಿನಿಂದಾದದ್ದೆಂದು ನಂಬಿದ ವಾಲೇಸ್, ನಾಯಿ ಗ್ರಾಮಿಟ್ ಜೊತೆ ರಾಕೆಟ್ ಕಟ್ಟಿ ಹೊರಡುತ್ತಾನೆ. ಗ್ರಾಮಿಟ್‌ಗೆ ಬಾಯಿಯೇ ಇಲ್ಲ. ಆದರೂ ಹುಬ್ಬಿನ ಸಣ್ಣ ಚಲನೆಯಲ್ಲೇ ಅದರ ಮನಸ್ಸು ನಮಗೆ ತಿಳಿಯುತ್ತದೆ. ಚಿತ್ರದ ದೊಡ್ಡ ಸಾಧನೆ ಇದು.

ಚೀಸಿನ ಚಂದ್ರನನ್ನು ಯಾವ ಮಗುವೂ ನಿಜವೆಂದುಕೊಳ್ಳದು. ಚೆಂಡಿನ ವಿಷಯ ಹಾಗಲ್ಲ. ಚಂದ್ರನ ಮೇಲೆ ವಾಲೇಸ್ ಒದ್ದ ಚೆಂಡು ಕೆಳಗೆ ಬರುವುದೇ ಇಲ್ಲ. ‘ಚಂದ್ರನಲ್ಲಿ ಗುರುತ್ವವಿಲ್ಲ’ ಎಂಬುದು ತರಗತಿಗಳಲ್ಲಿ ನಾವು ಆಗಾಗ ಕೇಳುವ ತಪ್ಪು. ಈ ನಗೆ ಅದನ್ನೇ ಗಟ್ಟಿಮಾಡುತ್ತದೆ. ಅಲ್ಲಿನ ಗುರುತ್ವ ಭೂಮಿಯದರ ಆರನೇ ಒಂದು ಭಾಗ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಒದ್ದ ಚೆಂಡು ಸುಮಾರು 25 ಸೆಕೆಂಡಿನಲ್ಲಿ ಮರಳುತ್ತದೆ. ಮರಳದಿರಬೇಕಾದರೆ ಸೆಕೆಂಡಿಗೆ ಸುಮಾರು 2.4 ಕಿಲೊಮೀಟರ್ ವಿಮೋಚನಾ ವೇಗ ಬೇಕು! 1971ರಲ್ಲಿ ಅಪೊಲೊ 14ರ ಅಲನ್ ಶೆಪರ್ಡ್ ಹೊಡೆದ ಗಾಲ್ಫ್ ಚೆಂಡುಗಳೂ ಚಂದ್ರನ ನೆಲಕ್ಕೇ ಬಿದ್ದವು.

ಸ್ವಾರಸ್ಯವೆಂದರೆ, ಉತ್ತರ ಚಿತ್ರದಲ್ಲೇ ಇದೆ. ಕೊನೆಯಲ್ಲಿ ಚಂದ್ರನ ಯಂತ್ರವೊಂದು ರಾಕೆಟ್ಟಿನ ತಗಡಿನಿಂದ ಸ್ಕೀ ಮಾಡಿಕೊಂಡು ದಿಣ್ಣೆಗಳ ಮೇಲೆ ಸಂತೋಷದಿಂದ ಜಾರುತ್ತದೆ. ಗುರುತ್ವವಿಲ್ಲದೆ ಜಾರುವುದೆಂತು? ಈ ಎರಡು ದೃಶ್ಯಗಳನ್ನು ಒಟ್ಟಿಗೆ ತೋರಿಸಿ, ಮಕ್ಕಳನ್ನೇ ಕೇಳಿ.

ಸ್ಟಾಪ್ ಮೋಷನ್‌ನಲ್ಲಿ ಚೆಂಡು ತಾನಾಗಿ ಬೀಳದು, ಬೀಳಿಸುವವರು ನಾವು. ಆದ್ದರಿಂದ ಲೆಕ್ಕ ತಿಳಿದಿರಲೇಬೇಕು. ಸೆಕೆಂಡಿಗೆ 12 ಭಂಗಿಗಳಾದರೆ, 1.2 ಮೀಟರ್ ಎತ್ತರದಿಂದ ಬೀಳುವುದನ್ನು ತೋರಿಸಲು ಭೂಮಿಯಲ್ಲಿ 6 ಭಂಗಿ ಸಾಕು, ಚಂದ್ರನಲ್ಲಿ ಸುಮಾರು 15 ಬೇಕು. ಕೋಲಾರ ಜಿಲ್ಲೆಯ ದೇವರಾಯಸಮುದ್ರದಂಥ ಊರಿನ ಶಾಲೆಯಲ್ಲೂ ಇದು ಸಾಧ್ಯ. ಅಲುಗದಂತೆ ನಿಲ್ಲಿಸಿದ ಒಂದು ಮೊಬೈಲ್ ಫೋನ್ ಮತ್ತು ಒಣಗದ ಬಣ್ಣದ ಜೇಡಿ ಇದ್ದರಾಯಿತು. ಕೆರೆಮಣ್ಣಾದರೆ ಒಣಗಿ ಬಿರುಕು ಬಿಟ್ಟೀತು. ಪಾರ್ಕ್ ಮರಳಿಸದ ಚೆಂಡನ್ನು ನಿಮ್ಮ ವಿದ್ಯಾರ್ಥಿಗಳು ನೆಲಕ್ಕೆ ತರಲಿ.