ಕಣ್ಣೀರು ಒರೆಸಿದರೆ ಸಾಕೇ?



ಮಸ್ಕಿಯ ಅಶೋಕ ಶಾಸನವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸನು ಅಶೋಕನೇ ಎಂದು ವಿದ್ವಾಂಸರು ಬಹುಕಾಲದಿಂದ ತರ್ಕಿಸಿದ್ದರು. 1915ರಲ್ಲಿ ಬೆಳಕಿಗೆ ಬಂದ ಈ ಬಂಡೆಯ ಮೇಲೆ ಬಿರುದಿನೊಡನೆ ಹೆಸರೂ ದೊರೆತಾಗ ಆ ಊಹೆಗೆ ಸಾಕ್ಷ್ಯದ ಬಲ ಬಂದಿತು. ಆ ಊಹೆ ನಿಜವಾಗಿತ್ತು. ಎಲ್ಲ ಊಹೆಗಳಿಗೂ ಆ ಭಾಗ್ಯವಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳ ತಂಡವೊಂದು ಈ ಭಾಗದ ಹಳ್ಳಿಗಳಿಗೆ ಕ್ಷೇತ್ರಕಾರ್ಯಕ್ಕೆಂದು ಬಂದಿತ್ತು. ಶ್ರದ್ಧೆಯುಳ್ಳ ಮಕ್ಕಳು. ಅವರಲ್ಲೊಬ್ಬಳು ಸ್ಕಿಜೋಫ್ರೇನಿಯಾ ರೋಗವಿದ್ದ ಯುವಕನ ತಾಯಿಯೊಡನೆ ಮೂರು ಬಾರಿ ಕುಳಿತು, ಆಕೆಯ ಅಳಲನ್ನು ತಾಳ್ಮೆಯಿಂದ ಆಲಿಸಿ, ‘ಭಾವನಾತ್ಮಕ ಬೆಂಬಲ ನೀಡಲಾಯಿತು’ ಎಂದು ವರದಿ ಬರೆದಳು. ಮುಂದಿನ ತಿಂಗಳು ಆ ಯುವಕನ ಕಾಯಿಲೆ ಉಲ್ಬಣಿಸಿತು. ಆಸ್ಪತ್ರೆಗೆ ಹೊರಟಾಗ ತಾಯಿ ಹೇಳಿದ್ದು ಇಷ್ಟೇ: “ಗುಳಿಗಿ ಬಿಟ್ಟು ಮೂರು ತಿಂಗಳಾತ್ರಿ ಫಾದರ್, ಯಾರೂ ಕೇಳ್ಲಿಲ್ಲ.” ನಂಬಿಕೆಯುಳ್ಳವರಿಗೆ ಗುಳಿಗೆ ಏಕೆಂದು ಪ್ರಾರ್ಥನಾ ಕೂಟವೊಂದರಲ್ಲಿ ಯಾರೋ ಹೇಳಿದ್ದರಂತೆ. ಆ ಹುಡುಗಿಯನ್ನು ದೂರುವ ಮೊದಲು ನನ್ನನ್ನೇ ದೂರಿಕೊಳ್ಳಬೇಕು. ವಾರ ವಾರವೂ ಆ ತಾಯಿಯನ್ನು ಕಾಣುತ್ತಿದ್ದ ನಾನೂ ಕೇಳಿರಲಿಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಕಲಿತ ನನಗೆ ಈ ಪ್ರಶ್ನೆಯನ್ನು ಯಾರೂ ಕಲಿಸಿರಲಿಲ್ಲ. ಆದರೆ ಸಮಾಜಕಾರ್ಯವನ್ನೇ ವೃತ್ತಿಯಾಗಿ ಕಲಿಯುವವರಿಗೂ ಕಲಿಸದಿದ್ದರೆ?

ನನ್ನ ಆಕ್ಷೇಪ ಇಲ್ಲಿಯೇ ಇದೆ. ನಾನು ಕಂಡ ಮಟ್ಟಿಗೆ ನಮ್ಮಲ್ಲಿ ಕ್ಷೇತ್ರಕಾರ್ಯವೆಂದರೆ ಹಾಜರಿ, ಬೀದಿನಾಟಕ ಹಾಗೂ ದಪ್ಪನೆಯ ವರದಿ. ಮಾಡಿದ ಕೆಲಸದಿಂದ ರೋಗಿಗೆ ಒಳಿತಾಯಿತೇ ಎಂಬ ಪ್ರಶ್ನೆಗೆ ಅಂಕಗಳಿಲ್ಲ. ಸಾಕ್ಷ್ಯಾಧಾರಿತ ಸೇವೆ ಎಂದರೆ ಯಂತ್ರದಂತೆ ನಡೆದುಕೊಳ್ಳುವುದಲ್ಲ. ಸಂಶೋಧನೆಯಲ್ಲಿ ಪರೀಕ್ಷೆಗೊಳಗಾದ ವಿಧಾನ, ಸೇವಕನ ಅನುಭವ, ರೋಗಿಯ ಇಚ್ಛೆ, ಈ ಮೂರನ್ನೂ ಕೂಡಿಸಿ ನಿರ್ಧರಿಸುವುದು.

ಒಳ್ಳೆಯ ಮನಸ್ಸೊಂದೇ ಸಾಲದೆಂಬುದಕ್ಕೆ ನಮ್ಮ ರೈತಕುಟುಂಬಗಳಿಗೆ ತಟ್ಟುವ ಉದಾಹರಣೆಯೊಂದಿದೆ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟರೆ ಆತ್ಮಹತ್ಯೆಯ ಯತ್ನಗಳು ಕಡಿಮೆಯಾಗುತ್ತವೆ ಎಂದು ಯಾರಿಗಾದರೂ ತೋಚುತ್ತದೆ. ಶ್ರೀಲಂಕಾದ 180 ಹಳ್ಳಿಗಳಲ್ಲಿ, ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಇದನ್ನು ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪೆಟ್ಟಿಗೆಗಳಿಂದ ಪ್ರಯೋಜನ ಕಾಣಲಿಲ್ಲ. ಅದೇ ದೇಶದಲ್ಲಿ ಅತಿ ವಿಷಕಾರಿ ಕ್ರಿಮಿನಾಶಕಗಳನ್ನು ಸರ್ಕಾರ ನಿಷೇಧಿಸಿದ ಬಳಿಕ ಆತ್ಮಹತ್ಯೆಯ ಸಾವುಗಳು ಬಹಳವಾಗಿ ಇಳಿದವು. ಪೆಟ್ಟಿಗೆ ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವುದು ಸುಲಭ. ನಿಷೇಧಕ್ಕಾಗಿ ಒತ್ತಾಯಿಸುವುದು ಕಷ್ಟ. ಸಮಾಜಕಾರ್ಯಕರ್ತನು ಯಾವುದನ್ನು ಕಲಿಯಬೇಕು?

ದೊಡ್ಡ ಪದವಿ ಇದ್ದವರಿಂದ ಮಾತ್ರ ಇದು ಸಾಧ್ಯವೆಂದು ಭಾವಿಸಬೇಡಿ. ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸಾಮಾನ್ಯ ಜನರಿಗೇ ತರಬೇತಿಯಿತ್ತು, ತೀವ್ರ ಖಿನ್ನತೆಯುಳ್ಳವರಿಗೆ ಆರರಿಂದ ಎಂಟು ಭೇಟಿಗಳ ಆಪ್ತಸಲಹೆ ಕೊಡಿಸಿದರು. ಆರೋಗ್ಯ ಕೇಂದ್ರದ ರೂಢಿಯ ಆರೈಕೆಗಿಂತ ಹೆಚ್ಚಿನ ಗುಣ ಕಂಡಿತು. ನನ್ನ ಮನಸ್ಸನ್ನು ಸೆಳೆದದ್ದು ಅವರ ತರಬೇತಿಯ ಕ್ರಮ. ಸಲಹೆಗಾರರು ತಮ್ಮ ಮಾತುಕತೆಯನ್ನು ಧ್ವನಿಮುದ್ರಿಸಿ, ಗುಂಪಿನಲ್ಲಿ ಕುಳಿತು ಕೇಳಿ, ಪರಸ್ಪರ ಅಂಕ ಕೊಡುತ್ತಿದ್ದರು. ತನ್ನ ತಪ್ಪನ್ನು ತನ್ನ ಕಿವಿಯಿಂದಲೇ ಕೇಳುವುದು! ನಮ್ಮ ಪ್ರಬೋಧನೆಗಳಿಗೂ ಇಂಥದೊಂದು ವ್ಯವಸ್ಥೆ ಇದ್ದಿದ್ದರೆ ನಿಮಗೆ ಎಷ್ಟೋ ಉಪಕಾರವಾಗುತ್ತಿತ್ತು.

ಹೊರಗಿನ ಸಾಕ್ಷ್ಯ ನಮ್ಮ ನೆಲಕ್ಕೆ ಒಗ್ಗದೆಂಬ ವಾದವೂ ಉಂಟು. ಅದರಲ್ಲಿ ಹುರುಳಿದೆ. ಸುಗ್ಗಿಯ ಬಳಿಕ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಕ್ಕೆ ಎಂಟು ವಾರದ ಭೇಟಿಗಳು ಹೇಗೆ ಸಾಧ್ಯ? ಆದರೆ ನಮ್ಮ ನೆಲದ್ದೇ ಸಾಕ್ಷ್ಯ ಕಡಿಮೆಯಿಲ್ಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗಗಳಿಗೆ ಹಳ್ಳಿಯ ಬಳಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಸಮಾಜಕಾರ್ಯದ ತರಗತಿಯಲ್ಲಿ ಅಮೆರಿಕದ ಗ್ರಂಥಕರ್ತರ ಹೆಸರುಗಳನ್ನು ಒಪ್ಪಿಸುವ ವಿದ್ಯಾರ್ಥಿ ಬಳ್ಳಾರಿಯ ಹೆಸರನ್ನೇ ಕೇಳಿರದಿದ್ದರೆ ಅದು ಯಾರ ಲೋಪ?

ಈ ಶಿಕ್ಷಣದಲ್ಲಿ ಧರ್ಮಸಭೆಗೂ ಪಾಲಿದೆ. ಮಂಗಳೂರಿನ ರೋಶನಿ ನಿಲಯವನ್ನು 1960ರಲ್ಲಿ ಆರಂಭಿಸಿದವರು ಕಥೋಲಿಕ ಧರ್ಮಭಗಿನಿಯರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋವೈದ್ಯಕೀಯ ಸಮಾಜಕಾರ್ಯಕರ್ತನಿಗೆ ಸ್ನಾತಕೋತ್ತರ ಪದವಿಯ ಮೇಲೆ ಮೇಲ್ವಿಚಾರಣೆಯುಳ್ಳ ಎರಡು ವರ್ಷಗಳ ಎಂ.ಫಿಲ್. ತರಬೇತಿಯನ್ನು ವಿಧಿಸಿತು. ಸರಿಯೇ, ಆದರೆ ಅಂಥವರು ನಗರದ ಆಸ್ಪತ್ರೆಗಳನ್ನು ಬಿಟ್ಟು ನಮ್ಮಲ್ಲಿಗೆ ಬರುವುದು ಅಪರೂಪ. ಹಳ್ಳಿಗೆ ಬರುವುದು ಸಾಮಾನ್ಯ ಪದವಿಯ ವಿದ್ಯಾರ್ಥಿಗಳೇ. ಅವರಿಗೆ ಕನಿಷ್ಠ ಇಷ್ಟನ್ನಾದರೂ ಕಲಿಸಿ ಕಳುಹಿಸಲಿ: ಗುಳಿಗೆಯ ಬಗ್ಗೆ ಕೇಳುವುದು, ಸಾಯುವ ಯೋಚನೆ ಬರುತ್ತಿದೆಯೇ ಎಂದು ಅಂಜದೆ ಕೇಳುವುದು, ಮನೆಯವರಿಗೆ ರೋಗವನ್ನು ವಿವರಿಸುವುದು, ತಿಂಗಳ ನಂತರ ಮರಳಿ ಹೋಗಿ ನೋಡುವುದು.

ಆ ಯುವಕ ಈಗ ಗುಳಿಗೆ ತಪ್ಪಿಸುವುದಿಲ್ಲ. ಭಾನುವಾರದ ಪೂಜೆಗೂ ಬರುತ್ತಾನೆ. ದೇವಾಲಯದ ಫಲಕದ ಮೇಲೆ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಬರೆಸಿದ್ದೇನೆ: 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.