ರೊಟ್ಟಿಯಿಂದ ಪಟ್ಟಿಗೆ

ಎನ್‌ಸಿಇಆರ್‌ಟಿ 2024ರಲ್ಲಿ ಆರನೇ ತರಗತಿಗೆ ತಂದ ‘ಗಣಿತ ಪ್ರಕಾಶ’ದ ಏಳನೇ ಅಧ್ಯಾಯ ಭಿನ್ನರಾಶಿಯದು. ಆರಂಭ ಹಳೆಯದೇ: ರೊಟ್ಟಿ ಹಂಚಿಕೊಳ್ಳುವುದು, ಆಮೇಲೆ ಚಿಕ್ಕಿ ಮುರಿಯುವುದು. ಆದರೆ ಬೇಗನೆ ದಾರಿ ಬದಲಾಗುತ್ತದೆ. ಮುಕ್ಕಾಲು ಎಂದರೆ ನಾಲ್ಕು ಭಾಗಗಳಲ್ಲಿ ಮೂರಕ್ಕೆ ಬಣ್ಣ ಬಳಿಯುವುದಷ್ಟೇ ಅಲ್ಲ, ಕಾಲು ಎಂಬ ಅಳತೆಯನ್ನು ಮೂರು ಸಲ ಎಣಿಸುವುದು ಎನ್ನುತ್ತದೆ ಪುಸ್ತಕ.

ಬಣ್ಣ ಬಳಿದೇ ಕಲಿತ ಮಗುವಿಗೆ 5/4 ಕೊಟ್ಟು ನೋಡಿ. ನಾಲ್ಕು ಹೋಳಲ್ಲಿ ಐದು ತೆಗೆಯೋದು ಹೇಗೆ ಸಾರ್, ಎನ್ನುತ್ತದೆ. ನ್ಯಾಯವಾದ ಪ್ರಶ್ನೆಯೇ. ಕಾಲುಗಳನ್ನು ಎಣಿಸುತ್ತ ಬಂದವರಿಗೆ ಮೂರು, ನಾಲ್ಕರ ಮೇಲೆ ಐದನೆಯ ಕಾಲು ಬಂದರೆ ಬೆರಗೇನಿಲ್ಲ. ಕಾಗದದ ಪಟ್ಟಿ ಮಡಚಿ ಅಳೆಯುವುದು, ಅದರ ಬೆನ್ನಿಗೇ ಸಂಖ್ಯಾರೇಖೆ: ಅಧ್ಯಾಯದ ಜೀವ ಈ ಪುಟಗಳಲ್ಲಿದೆ. ಮಡಿಕೆ ಹೆಚ್ಚಿದಷ್ಟೂ ತುಂಡು ಚಿಕ್ಕದಾಗುವುದನ್ನು ಕೈಯಾರೆ ಕಂಡವರು 1/5ಕ್ಕಿಂತ 1/9 ದೊಡ್ಡದೆನ್ನುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ. ಪಾಠ ಮುಗಿಸುವ ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇವೇ ಪುಟಗಳು. ಪರೀಕ್ಷೆಗೆ ಪಟ್ಟಿ ಬರುವುದಿಲ್ಲವಲ್ಲ!

ನನ್ನ ತಕರಾರಿರುವುದು ಸಂಕಲನದ ಬಗ್ಗೆ. ಛೇದ ಬೇರೆಬೇರೆಯಿರುವ ಭಿನ್ನರಾಶಿಗಳನ್ನು ಕೂಡಲು ಬ್ರಹ್ಮಗುಪ್ತನ ವಿಧಾನವನ್ನು ಹೆಜ್ಜೆಹೆಜ್ಜೆಯಾಗಿ ಕೊಟ್ಟಿದ್ದಾರೆ: ಛೇದ ಸಮ ಮಾಡು, ಅಂಶ ಕೂಡು, ಸಂಕ್ಷೇಪಿಸು. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದ ಈ ಕ್ರಮದಲ್ಲಿ ದೋಷವಿಲ್ಲ. ಉತ್ತರ ಸುಮಾರು ಎಷ್ಟಿರಬಹುದೆಂದು ಮೊದಲೇ ಅಂದಾಜು ಮಾಡುವ ಅಭ್ಯಾಸಕ್ಕೆ ಮಾತ್ರ ಸಲ್ಲಬೇಕಾದಷ್ಟು ಜಾಗ ಸಂದಿಲ್ಲ. ಅಮೆರಿಕದ 1978ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದವರಿಗೆ 12/13 + 7/8 ಸುಮಾರು ಎಷ್ಟು ಎಂದು ಕೇಳಿ, 1, 2, 19, 21 ಎಂಬ ಆಯ್ಕೆ ಕೊಟ್ಟಿದ್ದರು. 2 ಎಂದವರು ಶೇ 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಆರಿಸಿದರು. ಅವರ ಕಣ್ಣಿಗೆ ಬಿದ್ದದ್ದು ಎರಡು ಸಂಖ್ಯೆಗಳಲ್ಲ, ನಾಲ್ಕು.

1/2 + 1/3 = 2/5 ಎಂದು ಬರೆಯುವ ನಮ್ಮ ಮಗುವಿನದೂ ಇದೇ ಕಥೆ. ಕೆಂಪು ಗೀಟೆಳೆದು ಲ.ಸಾ.ಅ. ಮತ್ತೊಮ್ಮೆ ಹೇಳಿಕೊಟ್ಟರೆ ಆ ಲೆಕ್ಕ ಸರಿಹೋದೀತು, ತಿಳಿವಳಿಕೆ ಇದ್ದಲ್ಲೇ ಉಳಿಯುತ್ತದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗೆ ಬಂತು ಎಂದು ಪಟ್ಟಿಯನ್ನು ಮುಂದಿಟ್ಟು ಕೇಳಬೇಕು.

ಹಂಚಿಕೆಯಿಂದ ವ್ಯವಕಲನದವರೆಗೆ ಎಲ್ಲವನ್ನೂ ಒಂದೇ ಅಧ್ಯಾಯದಲ್ಲಿ ತುರುಕಿದರೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಗುಣಾಕಾರ, ಭಾಗಾಕಾರವನ್ನು ಏಳನೇ ತರಗತಿಗೆ ಬಿಟ್ಟದ್ದು ಒಳ್ಳೆಯದಾಯಿತು. ಸಂಕಲನಕ್ಕೂ ಬೇರೆಯೇ ಒಂದು ಅಧ್ಯಾಯ ಕೊಡಬಹುದಿತ್ತು.