ತಂತಿಯ ಲೆಕ್ಕ ಗೊತ್ತಿದ್ದವರ ಬೈಪ್ಲೇನ್

ಬೈಪ್ಲೇನ್ ಕಿಟ್ ಎಂದ ಕೂಡಲೇ ಪಳಗಿದ ಹವ್ಯಾಸಿಗಳೂ ಹಿಂದೆ ಸರಿಯುತ್ತಾರೆ. ಮಿಗ್-21ರ ಲೋಹದ ಮೈಯನ್ನು ಏರ್‌ಬ್ರಶ್ಶಿನಲ್ಲಿ ಹತ್ತಾರು ಛಾಯೆಗಳಲ್ಲಿ ತೋರಿಸಬಲ್ಲವರು ಕೂಡ ಜೋಡಿ ರೆಕ್ಕೆಯ ಡಬ್ಬಿ ಕಂಡರೆ “ಆ ದಾರ ಕಟ್ಟೋ ಕೆಲಸ ನಮ್ಮಿಂದಾಗಲ್ಲ ಮಾರಾಯ್ರೇ” ಎಂದು ಕೈಮುಗಿಯುತ್ತಾರೆ. ಕೈಯ ಕೆಲಸವಾಗಿ ನೋಡಿದರೆ ದಾರ ಕಟ್ಟುವುದು ಎರಡು ಸಂಜೆಗಳಲ್ಲಿ ಕಲಿಯುವಂಥದ್ದು. ಯಾವ ತಂತಿ ಯಾವುದನ್ನು ಎಳೆದು ಹಿಡಿದಿದೆ ಎಂಬುದು ತಿಳಿಯದೆ, ಸೂಚನಾ ಹಾಳೆಯ ಗೆರೆ ನೋಡಿ ನೋಡಿ ಕಟ್ಟಲು ಹೊರಟರೆ ಮಾತ್ರ ಅದು ಶಿಕ್ಷೆ.

ಉದಾಹರಣೆಗೆ ಎಸ್.ಇ.5ಎ ತೆಗೆದುಕೊಳ್ಳಿ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿ ಹುಟ್ಟಿದ ಈ ವಿಮಾನದ ಮೊದಲ ಮಾದರಿ 1916ರ ನವೆಂಬರ್ 22ರಂದು ಹಾರಿತು. ಹಾರಿಸಿದವನು ಫ್ರ್ಯಾಂಕ್ ಗುಡ್ಡನ್. ಎರಡು ತಿಂಗಳು ಕಳೆದ ಕೆಲವೇ ದಿನಗಳಲ್ಲಿ ಎರಡನೇ ಮಾದರಿಯ ರೆಕ್ಕೆ ಆಕಾಶದಲ್ಲೇ ಮುರಿದು ಅವನು ಸತ್ತ. ಆಮೇಲೆ ರೆಕ್ಕೆಯನ್ನು ಬಲಪಡಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಇಂಥ ವಿಮಾನಗಳು ಐದು ಸಾವಿರಕ್ಕೂ ಮಿಕ್ಕಿ ತಯಾರಾಗಿದ್ದವು. ಮರದ ಚೌಕಟ್ಟು, ಲಿನನ್ ಬಟ್ಟೆ, ನಡುವೆ ಉಕ್ಕಿನ ತಂತಿ. ಈ ತಂತಿಗಳೇ ಇಡೀ ರಚನೆಯ ಬೆನ್ನುಮೂಳೆ ಎಂಬುದು ಗುಡ್ಡನ್ ಸತ್ತ ಬಗೆ ಓದಿದವರಿಗೆ ಬೇರೆ ಹೇಳಬೇಕಿಲ್ಲ.

ನಮ್ಮವರಿಗೆ ಈ ವಿಮಾನದ ಮೇಲೆ ಮಮತೆಯಿರಲು ಇನ್ನೊಂದು ಕಾರಣವಿದೆ. ಕಲ್ಕತ್ತೆಯ ಇಂದ್ರಲಾಲ್ ರಾಯ್ ಹಾರಿಸಿದ್ದು ಇದನ್ನೇ. 1918ರ ಜುಲೈ ತಿಂಗಳಲ್ಲಿ, ಎರಡು ವಾರವೂ ತುಂಬದ ಅವಧಿಯಲ್ಲಿ, 40ನೇ ಸ್ಕ್ವಾಡ್ರನ್ನಿನ ಈ ಹುಡುಗನ ಲೆಕ್ಕಕ್ಕೆ ಹತ್ತು ಗೆಲುವುಗಳು ಸೇರಿದವು. ಜುಲೈ 22ರಂದು ಫ್ರಾನ್ಸಿನ ಕಾರ್ವಾಂ ಬಳಿ ಶತ್ರುವಿಮಾನಗಳೊಡನೆ ಕಾದಾಡುತ್ತ ಮಡಿದಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಡಿ.ಎಫ್.ಸಿ. ಪದಕ ಬಂದದ್ದು ಸತ್ತ ಮೇಲೆ. ಡಬ್ಬಿಯಲ್ಲಿ ಯಾವ ಪೈಲಟ್ಟಿನ ಡೆಕಾಲ್ ಇದ್ದರೂ, ನಮ್ಮ ಹವ್ಯಾಸಿಗಳು ಅದನ್ನು ಬದಿಗಿಟ್ಟು ರಾಯ್‌ನ ವಿಮಾನದ ಸಂಖ್ಯೆ ಹುಡುಕಲು ಹೊರಡುವುದು ಸಹಜ.

ಈಗ ತಂತಿಗೆ ಬರೋಣ. ವಿಮಾನ ಹಾರುವಾಗ ರೆಕ್ಕೆಗಳು ಮೇಲಕ್ಕೆ ಮಡಚಿಕೊಳ್ಳಲು ನೋಡುತ್ತವೆ. ಅವನ್ನು ತಡೆಯುವುದು ಫ್ಲೈಯಿಂಗ್ ವಯರ್: ಒಡಲಿನ ಬುಡದಿಂದ ಹೊರಟು, ಹೊರಗಿನ ಕಂಬದ ನೆತ್ತಿಗೆ, ಅಂದರೆ ಮೇಲ್ರೆಕ್ಕೆಗೆ ಹೋಗುತ್ತದೆ. ನೆಲದ ಮೇಲೆ ನಿಂತಾಗ ರೆಕ್ಕೆಗಳು ತಮ್ಮ ಭಾರಕ್ಕೇ ಕೆಳಗೆ ಜೋತುಬೀಳಬಾರದಲ್ಲ, ಅದಕ್ಕೆ ಲ್ಯಾಂಡಿಂಗ್ ವಯರ್: ನಡುಗಂಬದ ನೆತ್ತಿಯಿಂದ ಹೊರಗಂಬದ ಬುಡಕ್ಕೆ. ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ನಡುವೆ ಅಡ್ಡಡ್ಡ ಹಾಯುವ ಜೋಡಿಯ ಕೆಲಸ ರೆಕ್ಕೆ ತಿರುಚಿಕೊಳ್ಳದಂತೆ ಕಾಯುವುದು. ಇಷ್ಟು ತಲೆಗೆ ಹೋದರೆ ಸೂಚನಾ ಹಾಳೆಯನ್ನು ಮಡಚಿ ಇಡಬಹುದು. ಎಷ್ಟೋ ಸ್ಪರ್ಧೆಗಳಲ್ಲಿ ಬಣ್ಣ ಅದ್ಭುತ, ಕಾಕ್‌ಪಿಟ್ ಅದ್ಭುತ, ಆದರೆ ತಂತಿ ಅಂತರಿಕ್ಷದಲ್ಲಿ ಎಲ್ಲಿಂದಲೋ ಎಲ್ಲಿಗೋ ಹೋಗಿರುವ ಮಾದರಿಗಳನ್ನು ನೋಡಿದ್ದೇನೆ. ಅಂಥ ವಿಮಾನ ನಿಜವಾಗಿ ಇದ್ದಿದ್ದರೆ ಮೊದಲ ತಿರುವಿನಲ್ಲೇ ಮಡಚಿಕೊಳ್ಳುತ್ತಿತ್ತು.

ಇನ್ನೊಂದು ಸೂಕ್ಷ್ಮವಿದೆ, ರಸಿಕರು ಜಗಳ ತೆಗೆಯುವುದು ಇಲ್ಲೇ. ಜರ್ಮನ್ ವಿಮಾನಗಳಲ್ಲಿ ರೆಕ್ಕೆಗಳ ನಡುವೆ ಇರುತ್ತಿದ್ದದ್ದು ಎಳೆ ಹೆಣೆದ ದುಂಡು ಕೇಬಲ್, ಬಿಗಿಮಾಡಲು ಟರ್ನ್‌ಬಕಲ್. ಎಸ್.ಇ.5ಎಯಲ್ಲಿ ಹಾಗಲ್ಲ, ಅಲ್ಲಿರುವುದು ರಾಫ್‌ವಯರ್, ಎರಡು ಅಂಚು ತೆಳುವಾಗಿ ನಡು ಉಬ್ಬಿದ ಚಪ್ಪಟೆ ಉಕ್ಕಿನ ಪಟ್ಟಿ. ದುಂಡು ತಂತಿಗಿಂತ ಇದು ಗಾಳಿಯನ್ನು ಎಷ್ಟೋ ಸಲೀಸಾಗಿ ಸೀಳುತ್ತದೆ. ಆದರೆ ಬಾಲದ ಚುಕ್ಕಾಣಿಗೆ ಹೋಗುವ ಕಂಟ್ರೋಲ್ ಕೇಬಲ್ ಇದೇ ವಿಮಾನದಲ್ಲೂ ದುಂಡಗೇ ಇದೆ. ಒಂದೇ ಮಾದರಿಗೆ ಎರಡು ಜಾತಿಯ ತಂತಿ ಬೇಕು ಎಂದಾಯಿತು. ಅಸಲಿನಲ್ಲಿ 6 ಮಿ.ಮೀ. ಅಗಲವಿದ್ದ ಪಟ್ಟಿ 1/48 ಅಳತೆಯಲ್ಲಿ 0.125 ಮಿ.ಮೀ. ಆಗುತ್ತದೆ. ಇಷ್ಟು ಸಣ್ಣದರಲ್ಲಿ ಚಪ್ಪಟೆಯೋ ದುಂಡೋ ಯಾರಿಗೆ ಕಾಣುತ್ತದೆ ಎಂದು ಕೇಳುವವರಿದ್ದಾರೆ. ಕಾಣುತ್ತದೆ. ಮಾದರಿಯನ್ನು ಸ್ವಲ್ಪ ತಿರುಗಿಸಿ. ಚಪ್ಪಟೆ ಪಟ್ಟಿ ಒಂದು ಕೋನದಲ್ಲಿ ಮಿಂಚಿ ಇನ್ನೊಂದು ಕೋನದಲ್ಲಿ ಮಾಯವಾಗುತ್ತದೆ. ಮೀನಿನ ಗಾಳದ ನೈಲಾನ್ ದಾರ ಹಾಗೆ ಮಾಡುವುದಿಲ್ಲ.

ಇದಕ್ಕೆಂದೇ ರಾಸಾಯನಿಕದಲ್ಲಿ ಕೊರೆದ ಉಕ್ಕಿನ ತೆಳುಪಟ್ಟಿಗಳು ಸಿಗುತ್ತವೆ. ಚೆಂದ, ಆದರೆ ದುಬಾರಿ, ಬೆರಳು ತಾಗಿದರೆ ಸೊಟ್ಟ. ಈಝೀ ಲೈನ್ ಎಂಬ ಎಲಾಸ್ಟಿಕ್ ದಾರ ನನಗೆ ಇಷ್ಟ: ಅದೂ ತುಸು ಚಪ್ಪಟೆ, ಎಳೆದರೆ ಹಿಗ್ಗುತ್ತದೆ, ಕೈತಪ್ಪಿ ತಗುಲಿದರೂ ಮತ್ತೆ ಬಿಗಿಯಾಗಿಯೇ ನಿಲ್ಲುತ್ತದೆ. ನೈಲಾನ್ ಬಳಸುವವರು ಕಟ್ಟಿದ ಮೇಲೆ ಹೊತ್ತಿಸಿದ ಊದುಬತ್ತಿಯನ್ನು ಹತ್ತಿರ ಹಿಡಿದು ದಾರವನ್ನು ಬಿಗಿಸುತ್ತಾರೆ. ತಾಗಿಸಿದರೆ ದಾರ ಕತ್ತರಿಸಿಹೋಗುತ್ತದೆ, ಎಚ್ಚರ. ಏನೇ ಬಳಸಿ, ಜೋತುಬಿದ್ದ ತಂತಿ ಮಾತ್ರ ಬಟ್ಟೆ ಒಣಗಿಹಾಕುವ ಹಗ್ಗದಂತೆ ಕಂಡು ಇಡೀ ಕೆಲಸದ ಮಾನ ಕಳೆಯುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಪತ್ರಗಳ ಮಳೆ. ಬ್ರಿಟಿಷ್ ವಿಮಾನಗಳ ಮೈಮೇಲಿನ ಪಿ.ಸಿ.10 ಹಸಿರೋ ಕಂದೋ ಎಂಬ ತಕರಾರು ಇನ್ನೂ ಮುಗಿದಿಲ್ಲ. ಅದರಲ್ಲಿ ಹಸಿರು ವರ್ಣದ್ರವ್ಯವೇ ಇರಲಿಲ್ಲ. ಹಳದಿ ಓಕರ್ ಮಣ್ಣಿಗೆ ಚೂರು ಕಾಡಿಗೆ ಬೆರೆಸಿದ ಬಣ್ಣ ಅದು. ಹಳದಿಗೆ ಕಪ್ಪು ಸೇರಿದರೆ ಹಸಿರು ಛಾಯೆ ಬರುವುದು ಚಿತ್ರ ಬರೆಯುವ ಮಕ್ಕಳಿಗೂ ಗೊತ್ತು. ಎಷ್ಟು ಪದರ ಬಳಿದರು, ಎಷ್ಟು ದಿನ ಬಿಸಿಲುಂಡಿತು ಎಂಬುದರ ಮೇಲೆ ಕಣ್ಣಿಗೆ ಕಾಣುವ ಬಣ್ಣ. ರೆಕ್ಕೆಯ ಪಕ್ಕೆಲುಬುಗಳ ನಡುವೆ ಬಟ್ಟೆ ಕುಸಿದಂತೆ ಅಚ್ಚು ಹಾಕುವ ಕಿಟ್‌ಗಳ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಡೋಪ್ ಬಳಿದ ಲಿನನ್ ನಗಾರಿಯ ಚರ್ಮದಷ್ಟೇ ಬಿಗಿ. ಆ ಉಬ್ಬುತಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯದೆ ಪ್ರೈಮರ್ ಮುಟ್ಟಬೇಡಿ.

ಕಿಟ್ ಆಯ್ಕೆ? ‘ಲಾರ್ಡ್ ಆಫ್ ದಿ ರಿಂಗ್ಸ್’ ಖ್ಯಾತಿಯ ನಿರ್ದೇಶಕ ಪೀಟರ್ ಜ್ಯಾಕ್ಸನ್ ನ್ಯೂಜಿಲೆಂಡಿನಲ್ಲಿ ನಡೆಸುತ್ತಿದ್ದ ವಿಂಗ್‌ನಟ್ ವಿಂಗ್ಸ್ 2009ರಲ್ಲಿ ಮಾರುಕಟ್ಟೆಗೆ ಬಂದಾಗ ಮೊದಲ ಕಂತಿನಲ್ಲೇ 1/32 ಅಳತೆಯ ಎಸ್.ಇ.5ಎ ಇತ್ತು. ಅದರ ಸೂಚನಾ ಪುಸ್ತಕವೇ ಒಂದು ಪಾಠ. ತಂತಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಹಳೆಯ ಫೋಟೋ ಸಾಕ್ಷಿ. 2020ರಲ್ಲಿ ಕಂಪನಿ ಮುಚ್ಚಿತು, ಈಗ ಸಿಕ್ಕಿದವರ ಭಾಗ್ಯ. ಜೆಕ್ ದೇಶದ ಎಡುವಾರ್ಡ್ ತಂದಿರುವ 1/48 ನಮ್ಮ ಮೇಜಿಗೂ ಜೇಬಿಗೂ ಹಿತ. ರೆಕ್ಕೆಯ ತುದಿಯಿಂದ ತುದಿಗೆ ಹದಿನೇಳು ಸೆಂಟಿಮೀಟರ್.

ಕ್ರಮ ತಪ್ಪಿಸಬೇಡಿ. ರೆಕ್ಕೆಗಳು ಬಿಡಿಯಾಗಿರುವಾಗಲೇ ತಂತಿಯ ತೂತು ಕೊರೆಯಿರಿ, ಬಣ್ಣ, ಡೆಕಾಲ್ ಎಲ್ಲ ಮುಗಿಸಿ. ದಾರದ ಒಂದು ತುದಿಯನ್ನು ಮೇಲ್ರೆಕ್ಕೆಯ ಕೆಳಮೈಗೆ ಮೊದಲೇ ಅಂಟಿಸಿ ಇಳಿಬಿಡಿ. ಕಂಬಗಳ ಮೇಲೆ ಮೇಲ್ರೆಕ್ಕೆ ಕೂರಿಸುವಾಗ ಮಕ್ಕಳ ಲೆಗೋ ಇಟ್ಟಿಗೆಗಳು ಆಸರೆಗೆ ಬರುತ್ತವೆ; ಒಂದು ರಾತ್ರಿ ಒಣಗಲಿ, ಫ್ಯಾನಿನ ಧೂಳು ಬೀಳದಂತೆ ಮೇಲೊಂದು ಡಬ್ಬಿ ಮುಚ್ಚಿ. ಆಮೇಲೆ ದಾರ ಎಳೆಯುವಾಗ ಎಡಗಡೆ ಒಂದು, ಬಲಗಡೆ ಒಂದು. ಒಂದೇ ಕಡೆ ಎಲ್ಲ ಬಿಗಿದರೆ ರೆಕ್ಕೆ ಸೊಟ್ಟಗಾಗಿ, ಫಾರ್ನ್‌ಬರೋದವರು ಪಟ್ಟ ಪಾಡು ನಿಮಗೂ ಗೊತ್ತಾಗುತ್ತದೆ. ಮೇಲ್ರೆಕ್ಕೆಯ ಮೇಲೆ ಕೂರುವ ಲೂಯಿಸ್ ಗನ್ನನ್ನು ಎಲ್ಲಕ್ಕಿಂತ ಕಡೆಗೆ ಅಂಟಿಸಿ; ಮೊದಲೇ ಅಂಟಿಸಿದವರು ಅದರ ಡ್ರಮ್ಮನ್ನು ಟಾರ್ಚ್ ಹಿಡಿದು ಮಂಚದಡಿ ಹುಡುಕುತ್ತಿರುತ್ತಾರೆ.